‘ಬಾರಿಶ್ ಮೇ ಧೀರೇ ಚಲಾವೋ ಸಾಬ್’

ಮಳೆಗೆ ಹೆದರುವ ಆಸಾಮಿ ನಾನಲ್ಲ. ಹುಟ್ಟಿದ್ದು ಕುಂದಾಪುರದ ಕಡೆ, ಬದುಕು ಕಟ್ಟಿಕೊಂಡದ್ದು ಡೊಂಬಿವಲಿಯಲ್ಲಿ. ಅಲ್ಲೂ ಮಳೆ, ಇಲ್ಲೂ ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿಯಿತಲ್ಲ, ಆವತ್ತು ಅಂಧೇರಿಯ ಆಫೀಸಿನಿಂದ ಹೊರಟವನು ಮನೆ ಮುಟ್ಟಿದ್ದು ಮರುದಿನ ಸಂಜೆಗೆ. ಸೊಂಟದವರೆಗಿನ ನೀರಿನಲ್ಲಿ ನಡೆದೆ. ಆವತ್ತೂ ಇಷ್ಟು ಹೆದರಿರಲಿಲ್ಲ.

ಹೆದರಿದ್ದು ಕಳೆದ ಜೂನಿನಲ್ಲಿ. ಅದೂ ಶೋರೂಮಿನಿಂದ ತಂದು ಮೂರೇ ತಿಂಗಳಾದ ಹೊಚ್ಚ ಹೊಸ ಕಾರಿನೊಳಗೆ ಕೂತು.

ಅಪ್ಪನ ತಿಥಿಗೆ ಊರಿಗೆ ಹೊರಟಿದ್ದೆವು. ನಾನು, ನನ್ನಾಕೆ, ಹಿಂದಿನ ಸೀಟಿನಲ್ಲಿ ಮಗಳು ಮತ್ತು ನಾಲ್ಕು ವರ್ಷದ ಮೊಮ್ಮಗ. ಪನ್ವೇಲ್, ಮಾಣಗಾಂವ್, ಮಹಾಡ್ ದಾಟಿ ಖೇಡ್ ಮುಗಿಸಿ ಪರಶುರಾಮ ಘಾಟಿನಲ್ಲಿ ಚಿಪ್ಳೂಣ್ ಕಡೆಗೆ ಇಳಿಯುತ್ತಿದ್ದೆವು. ಮಳೆ ಜೋರಾಗಿಯೇನೂ ಇರಲಿಲ್ಲ, ಜಿಟಿಜಿಟಿ. ಸ್ಪೀಡು ಐವತ್ತರೊಳಗೆ. ಮುಂದೆ ಒಂದು ಎಸ್.ಟಿ. ಬಸ್ಸು. ಅದರ ಹಿಂದಿನ ಕೆಂಪು ದೀಪ ಹತ್ತಿತು, ನಾನೂ ಬ್ರೇಕ್ ಒತ್ತಿದೆ.

ಕಾರು ನಿಲ್ಲಲಿಲ್ಲ.

ಕಾಲಿನ ಕೆಳಗೆ ಎಬಿಎಸ್ಸು ಗರಗರಗರ ಅಂತ ನಡುಗುತ್ತಿದೆ, ಕಾರು ಮಾತ್ರ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದವರ ಹಾಗೆ ಮುಂದಕ್ಕೆ ಹೋಗುತ್ತಲೇ ಇದೆ. ಬಸ್ಸಿನ ಹಿಂದುಗಡೆಯ ನಂಬರ್ ಪ್ಲೇಟಿನ ಒಂದೊಂದು ಅಕ್ಷರ ದೊಡ್ಡದಾಗುತ್ತಾ ಬಂತು. ಕೊನೆಗೆ ನಿಂತಾಗ ನಡುವೆ ಒಂದು ಮೊಳ ಜಾಗ ಇತ್ತೋ ಇಲ್ಲವೋ. ಬಸ್ಸಿನವನು ಏನೂ ಆಗದವನಂತೆ ಮುಂದೆ ಹೋದ. ನನ್ನಾಕೆ ಚಿಪ್ಳೂಣ್ ದಾಟಿ ಚಹಾಕ್ಕೆ ನಿಲ್ಲಿಸುವ ತನಕ ಬಾಯಿ ಬಿಡಲಿಲ್ಲ. ಆಮೇಲೆ ಒಂದೇ ಮಾತು: “ಹಳೇ ಗಾಡಿಯೇ ಸಾಕಿತ್ತು ಮಾರಾಯ್ರೆ.”

ಹದಿನಾಲ್ಕು ವರ್ಷ ಅದೇ ರಸ್ತೆಯಲ್ಲಿ ಅದೇ ಮಳೆಯಲ್ಲಿ ಹಳೇ ಕಾರು ಓಡಿಸಿದವನು ನಾನು. ಅದಕ್ಕೆ ಎಬಿಎಸ್ ಕೂಡ ಇರಲಿಲ್ಲ. ಹಾಗಾದರೆ ಆರು ಏರ್‌ಬ್ಯಾಗಿನ ಈ ಹೊಸ ಕಾರಿಗೆ ಏನು ದಾಡಿ?

ವಾಪಸ್ ಬಂದವನೇ ಸರ್ವೀಸ್ ಸೆಂಟರಿಗೆ ಹೋದೆ. (ಯಾವ ಕಂಪನಿ ಅಂತ ಕೇಳಬೇಡಿ. ಹೆಸರು ಹೇಳಿ ಏನೂ ಪ್ರಯೋಜನವಿಲ್ಲ, ನಾಲ್ಕು ಕಂಪನಿಯ ಗಾಡಿ ಇಟ್ಟುಕೊಂಡಿರುವ ನಾಲ್ಕು ಜನ ಸ್ನೇಹಿತರ ಕಥೆಯೂ ಇದೇ.) ಅಲ್ಲಿಯ ಹುಡುಗ ಬ್ರೇಕ್ ನೋಡಿದ, ಅಲೈನ್‌ಮೆಂಟ್ ನೋಡಿದ, “ಸಬ್ ಓಕೆ ಹೈ ಸಾಬ್. ಬಾರಿಶ್ ಮೇ ಧೀರೇ ಚಲಾವೋ” ಅಂದ. ಟೈರಿನ ಬಗ್ಗೆ ಕೇಳಿದರೆ, ಟೈರಿನ ವಾರಂಟಿ ನಮ್ಮದಲ್ಲ, ಟೈರ್ ಕಂಪನಿಯದ್ದು. ಸರಿ, ಟೈರ್ ಕಂಪನಿಗೆ ಫೋನು. ಒಬ್ಬ ಎಂಜಿನಿಯರ್ ಬಂದ, ಗೇಜು ಹಾಕಿ ಗೆರೆಯ ಆಳ ಅಳೆದ, ನಾಲ್ಕು ಫೋಟೋ ಹೊಡೆದ. ವಾರದ ನಂತರ ಉತ್ತರ ಬಂತು: ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟ್ ಇಲ್ಲ. ಗಾಡಿ ಕಂಪನಿ ಕೇಳಿದ ಸ್ಪೆಸಿಫಿಕೇಶನ್ ಪ್ರಕಾರವೇ ಟೈರು ಇದೆ.

ಈ ಎರಡನೇ ವಾಕ್ಯವನ್ನು ಇನ್ನೊಮ್ಮೆ ಓದಿ ನೋಡಿ. ನನ್ನ ಸಿಟ್ಟೆಲ್ಲ ಅಲ್ಲೇ ಇರುವುದು. ಟೈರಿನಲ್ಲಿ ದೋಷ ಇಲ್ಲ. ಅದು ಹೇಗಿರಬೇಕು ಅಂತ ತೀರ್ಮಾನಿಸಿದರೋ ಹಾಗೆಯೇ ಇದೆ. ಆ ತೀರ್ಮಾನ ಯಾರದ್ದು? ಯಾವ ಲೆಕ್ಕಾಚಾರದಲ್ಲಿ ಮಾಡಿದ್ದು? ದುಡ್ಡು ಕೊಟ್ಟ ನನ್ನನ್ನು ಯಾರಾದರೂ ಕೇಳಿದರೇ?

ಸ್ವಲ್ಪ ವಿಷಯಕ್ಕೆ ಬರೋಣ.

ಟೈರು ಉರುಳುವಾಗ ಅದರ ರಬ್ಬರು ಪ್ರತೀ ಸುತ್ತಿಗೂ ಒತ್ತಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಒತ್ತಲು ಹೋದ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ, ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಇದಕ್ಕೆ ರೋಲಿಂಗ್ ರೆಸಿಸ್ಟೆನ್ಸ್ ಅನ್ನುತ್ತಾರೆ. ಇದು ಕಡಿಮೆಯಾದಷ್ಟೂ ಮೈಲೇಜು ಜಾಸ್ತಿ. ಆದರೆ ಒದ್ದೆ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನು ರಬ್ಬರು ಹಿಡಿದುಕೊಳ್ಳುವುದೂ ಶಕ್ತಿ ಹೀರುವ ಇದೇ ಗುಣದಿಂದ. ಶಕ್ತಿ ಹೀರದ ರಬ್ಬರು ಮಾಡಿ ಅಂದರೆ ಮೈಲೇಜು ಸಿಗುತ್ತದೆ, ಹಿಡಿತ ಹೋಗುತ್ತದೆ. ಜೊತೆಗೆ ಟೈರು ಬೇಗ ಸವೆಯಲೂ ಬಾರದು. ಮೈಲೇಜು, ಬಾಳಿಕೆ, ಒದ್ದೆ ಹಿಡಿತ, ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ ಅನ್ನುವುದು ಟೈರು ಮಾಡುವವರಿಗೆಲ್ಲ ಗೊತ್ತಿರುವ ಪಾಠ.

ಹಾಗಾದರೆ ಇದು ಪ್ರಕೃತಿ ನಿಯಮ, ಕಂಪನಿಯವರು ಪಾಪ ಏನು ಮಾಡಿಯಾರು ಅಂತೀರಾ? ಅಲ್ಲ ಸ್ವಾಮಿ. ಫ್ರಾನ್ಸಿನ ಮಿಶೆಲಿನ್ ಕಂಪನಿ 1992ರಲ್ಲೇ ರಬ್ಬರಿನಲ್ಲಿ ಕಾರ್ಬನ್ ಬ್ಲ್ಯಾಕಿನ ದೊಡ್ಡ ಪಾಲು ತೆಗೆದು ಸಿಲಿಕಾ ಬೆರೆಸಿ, ರೋಲಿಂಗ್ ರೆಸಿಸ್ಟೆನ್ಸ್ ಇಳಿಸಿಯೂ ಒದ್ದೆ ಹಿಡಿತ ಬಿಟ್ಟುಕೊಡದ ಟೈರು ಮಾರುಕಟ್ಟೆಗೆ ತಂದಿತು. ಆಮೇಲೆ ಎಲ್ಲರೂ ಆ ದಾರಿ ಹಿಡಿದರು. ಅಂದರೆ ಎರಡನ್ನೂ ಕೊಡಲು ಬರುತ್ತದೆ, ಮೂವತ್ತು ವರ್ಷದಿಂದ ಬರುತ್ತದೆ. ಆದರೆ ಅದಕ್ಕೆ ಒಳ್ಳೇ ಮಾಲು ಬೇಕು, ಅದನ್ನು ಬೆರೆಸುವ ಕೆಲಸವೂ ಕಷ್ಟದ್ದು. ಅಂದರೆ ದುಡ್ಡು. ಮೈಲೇಜೂ ಬೇಕು, ಬೆಲೆಯೂ ಇಳಿಯಬೇಕು ಅಂತ ಗಾಡಿ ಕಂಪನಿ ಹಟ ಹಿಡಿದರೆ ಬಿಟ್ಟುಕೊಡಲು ಉಳಿಯುವುದು ಯಾವುದು? ಕೇಳುವವರಿಲ್ಲದ ಆ ಮೂರನೆಯದು, ಒದ್ದೆ ಹಿಡಿತ.

ಮೈಲೇಜಿನ ಹಿಂದೆ ಇವರು ಬಿದ್ದದ್ದಕ್ಕೆ ಕಾರಣ ಎರಡು. ಒಂದು, ಸರಕಾರದ ನಿಯಮ. ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಇಂಗಾಲದ ಹೊಗೆ ಇಷ್ಟರೊಳಗೆ ಇರಬೇಕು ಅಂತ 2017-18ರಿಂದ ಮಿತಿ ಬಂತು, ಕಿಲೋಮೀಟರಿಗೆ 130 ಗ್ರಾಂ. 2022-23ರಿಂದ ಅದು 113 ಗ್ರಾಂ. ನಿಯಮ ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಎಂಜಿನ್ ಬದಲಿಸಿ ಒಂದು ಗ್ರಾಂ ಇಳಿಸುವುದಕ್ಕಿಂತ ಟೈರ್ ಬದಲಿಸಿ ಇಳಿಸುವುದು ಅಗ್ಗ. ಎರಡನೆಯ ಕಾರಣ ನಾವೇ. ಶೋರೂಮಿಗೆ ಕಾಲಿಟ್ಟ ಕೂಡಲೇ ನಮ್ಮ ಮೊದಲ ಪ್ರಶ್ನೆ ಏನು? ‘ಎಷ್ಟು ಕೊಡ್ತದೆ?’ ನಾನೂ ಅದನ್ನೇ ಕೇಳಿದ್ದು, ಸುಳ್ಳು ಯಾಕೆ ಹೇಳಲಿ. ಸನ್‌ರೂಫ್ ಇದೆಯಾ ಅಂತ ಮಗಳು ಕೇಳಿದಳು. ಬಣ್ಣ ಮನೆಯಾಕೆ ಆರಿಸಿದಳು. ಟೈರು ಯಾವುದು ಅಂತ ನಾಲ್ಕು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಆ ಸೇಲ್ಸ್ ಹುಡುಗನಿಗೆ ಗೊತ್ತಿರುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ.

ಈಗ ‘ಧೀರೇ ಚಲಾವೋ’ ಅನ್ನುವ ಉಪದೇಶದ ವಿಷಯ. ಮಳೆಯಲ್ಲಿ ನಿಧಾನ ಹೋಗಬೇಕು, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲ ಮಳೆಗೆ ರಸ್ತೆಯ ಧೂಳು, ಎಣ್ಣೆ ಎಲ್ಲ ಕಲಸಿ ಸಾಬೂನು ಹಚ್ಚಿದ ಹಾಗೆ ಆಗಿರುತ್ತದೆ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ನೀರಿನ ಮೇಲೆ ತೇಲುವುದು ಇನ್ನೂ ಕಡಿಮೆ ಸ್ಪೀಡಿಗೇ ಶುರುವಾಗುತ್ತದೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಟೈರಿಗೆ ಅಂತ ಕಂಡುಹಿಡಿದ ಸೂತ್ರವನ್ನು ಕಾರಿಗೆ ಹಾಕಿದರೆ 32 ಪಿಎಸ್ಐ ಗಾಳಿಗೆ ಸುಮಾರು 94 ಕಿಲೋಮೀಟರ್ ವೇಗ, 24 ಪಿಎಸ್ಐಗೆ ಸುಮಾರು 82. ಗಾಳಿ ನೋಡದೆ ಓಡಿಸುವವರು, ಗೆರೆ 1.6 ಮಿಲಿಮೀಟರಿಗಿಂತ ಕೆಳಗೆ ಸವೆದು ಬೋಳಾದ ಮೇಲೂ ‘ಇನ್ನೊಂದು ಮಳೆಗಾಲ ನಡೀತದೆ’ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಬೈಯಿರಿ, ನಾನೂ ದನಿ ಸೇರಿಸುತ್ತೇನೆ.

ಆದರೆ ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ ಅಂದುಕೊಳ್ಳಿ. ಒಂದರ ಟೈರಿಗೆ ಒದ್ದೆ ರಸ್ತೆಯಲ್ಲಿ 0.7 ಹಿಡಿತ, ಇನ್ನೊಂದಕ್ಕೆ 0.5. ಇಬ್ಬರೂ ಒಂದೇ ಕ್ಷಣಕ್ಕೆ ಬ್ರೇಕ್ ಹಾಕಿದರೆ ಮೊದಲನೆಯದು ಸುಮಾರು 20 ಮೀಟರಿಗೆ ನಿಲ್ಲುತ್ತದೆ, ಎರಡನೆಯದಕ್ಕೆ 28 ಮೀಟರ್ ಬೇಕು. ಎಂಟೇ ಮೀಟರ್ ಅಲ್ಲವಾ ಅನ್ನಬೇಡಿ. ಮೊದಲನೇ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ 32 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ಜಾಗದಲ್ಲಿ ಒಂದು ಮಗು ರಸ್ತೆ ದಾಟುತ್ತಿದ್ದರೆ? ಹೈಸ್ಕೂಲಿನ ಫಿಸಿಕ್ಸ್ ಇದು, ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಬಹುದು. ಇಬ್ಬರು ಡ್ರೈವರುಗಳೂ ಒಂದೇ ಸ್ಪೀಡಿನಲ್ಲಿ, ಒಂದೇ ಎಚ್ಚರದಲ್ಲಿ ಇದ್ದರು. ಹಾಗಿದ್ದ ಮೇಲೆ ಎರಡನೆಯವನಿಗೆ ಮಾತ್ರ ‘ಧೀರೇ ಚಲಾವೋ’ ಅನ್ನುವುದು ಯಾವ ನ್ಯಾಯ?

ಎಬಿಎಸ್ ಇದೆಯಲ್ಲ ಅನ್ನುವವರಿಗೂ ಒಂದು ಮಾತು. 2019ರ ಏಪ್ರಿಲಿನಿಂದ ನಮ್ಮ ದೇಶದ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು, ಬಹಳ ಒಳ್ಳೆಯದಾಯಿತು. ಆದರೆ ಅದು ಚಕ್ರ ಲಾಕ್ ಆಗದಂತೆ ನೋಡಿಕೊಂಡು ಸ್ಟೀರಿಂಗ್ ನಮ್ಮ ಕೈಯಲ್ಲಿ ಉಳಿಸುತ್ತದೆಯೇ ಹೊರತು, ಇಲ್ಲದ ಹಿಡಿತವನ್ನು ಎಲ್ಲಿಂದಲೋ ತಂದುಕೊಡುವುದಿಲ್ಲ. ರಸ್ತೆಗೆ ತಾಗುವುದು ಅಂಗೈಯಗಲದ ನಾಲ್ಕು ತುಂಡು ರಬ್ಬರು. ಬ್ರೇಕು, ಎಬಿಎಸ್ಸು, ಕಂಪ್ಯೂಟರು ಎಲ್ಲದರ ಆಟವೂ ಆ ನಾಲ್ಕು ಅಂಗೈಯೊಳಗೇ.

ಕಾನೂನು ಇಲ್ಲವೇ? ಇದೆ. ಒದ್ದೆ ಹಿಡಿತ, ರೋಲಿಂಗ್ ರೆಸಿಸ್ಟೆನ್ಸ್, ಸದ್ದು, ಈ ಮೂರಕ್ಕೂ ಕನಿಷ್ಠ ಮಟ್ಟ ಗೊತ್ತುಮಾಡುವ ಎಐಎಸ್-142 ಅನ್ನುವ ಮಾನದಂಡವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಜೂನಿನಲ್ಲಿ ಅಧಿಸೂಚನೆ ಹೊರಡಿಸಿ ತಂದಿತು. ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರಿನಿಂದ, ಆಗಲೇ ಇದ್ದ ವಿನ್ಯಾಸಗಳಿಗೆ 2023ರಲ್ಲಿ. ತಡವಾಗಿಯಾದರೂ ಬಂತು, ಸಂತೋಷ. ಆದರೆ ಕನಿಷ್ಠ ಅಂದರೆ ಪಾಸ್ ಮಾರ್ಕು. ಮೂವತ್ತೈದು ತಗೊಂಡವನೂ ಪಾಸು, ತೊಂಬತ್ತೈದು ತಗೊಂಡವನೂ ಪಾಸು. ನನ್ನ ಕಾರಿನ ಟೈರು ಎಷ್ಟು ತಗೊಂಡಿದೆ ಅಂತ ಅಂಕಪಟ್ಟಿ ತೋರಿಸಿ ಅಂದರೆ ಯಾರ ಹತ್ತಿರವೂ ಇಲ್ಲ.

ಯುರೋಪಿನಲ್ಲಿ 2012ರ ನವೆಂಬರಿನಿಂದಲೇ ಫ್ರಿಜ್ಜಿಗೆ ಅಂಟಿಸಿದ ಹಾಗೆ ಟೈರಿಗೂ ಲೇಬಲ್ ಇದೆ. ಮೈಲೇಜಿಗೆ ಒಂದು ದರ್ಜೆ, ಒದ್ದೆ ಹಿಡಿತಕ್ಕೆ ಇನ್ನೊಂದು, ಸದ್ದಿಗೆ ಮತ್ತೊಂದು. 2021ರ ಮೇ ತಿಂಗಳಿನಿಂದ ಜಾರಿಯಾದ ಹೊಸ ನಿಯಮದಲ್ಲಿ ಇನ್ನೂ ಮುಂದೆ ಹೋಗಿ, ಹೊಸ ಕಾರು ಮಾರುವವನು ಅದಕ್ಕೆ ಹಾಕಿರುವ ಟೈರಿನ ಲೇಬಲ್ಲನ್ನು ಮಾರುವ ಮೊದಲೇ ಗಿರಾಕಿಗೆ ಕೊಡಬೇಕು ಅಂತ ಬರೆದಿದ್ದಾರೆ. ನಮ್ಮಲ್ಲೂ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯವರು ಟೈರಿಗೆ ನಕ್ಷತ್ರ ಕೊಡಲು ಶುರುಮಾಡಿದ್ದಾರೆ. ಆ ನಕ್ಷತ್ರ ಯಾವುದಕ್ಕೆ? ಇಂಧನ ಉಳಿತಾಯಕ್ಕೆ! ಮತ್ತೆ ಅದೇ ‘ಎಷ್ಟು ಕೊಡ್ತದೆ?’ 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್‌ನಲ್ಲಿ ಕಾರು ಗುದ್ದಿದ ಮೇಲೆ ಒಳಗಿದ್ದವರು ಎಷ್ಟು ಉಳಿಯುತ್ತಾರೆ ಅನ್ನುವುದಕ್ಕೆ ಅಂಕ ಉಂಟು. ಒದ್ದೆ ರಸ್ತೆಯಲ್ಲಿ ಗುದ್ದದೆ ಎಷ್ಟು ದೂರಕ್ಕೆ ನಿಲ್ಲುತ್ತದೆ ಅನ್ನುವುದಕ್ಕೆ ಇಲ್ಲ. ವರ್ಷಕ್ಕೆ ನಾಲ್ಕು ತಿಂಗಳು ನೀರಿನಲ್ಲೇ ಬದುಕುವ ಕರಾವಳಿಯವರಿಗೆ, ಕೊಂಕಣದವರಿಗೆ, ಮುಂಬಯಿಯವರಿಗೆ ಯಾವುದು ಮೊದಲು ಬೇಕು ನೀವೇ ಹೇಳಿ.

ಸ್ನೇಹಿತರೊಬ್ಬರು, ಪುಣೆಯಲ್ಲಿ ಗಾಡಿಯ ಬಿಡಿಭಾಗಗಳ ಕಂಪನಿಯಲ್ಲಿರುವವರು, ನನ್ನ ಮಾತಿಗೆ ನಕ್ಕರು. “ಎಲ್ಲಾ ಕಂಪನಿಯ ಟೈರೂ ಕೆಟ್ಟದ್ದು ಅಂತ ಬರೀಬೇಡಿ, ಕೆಲವು ಮಾಡೆಲ್ಲಿಗೆ ಒಳ್ಳೇ ಟೈರೇ ಬರ್ತದೆ” ಅಂದರು. ಒಪ್ಪಿದೆ. ಆದರೆ ಯಾವ ಮಾಡೆಲ್ಲಿಗೆ ಒಳ್ಳೆಯದು, ಯಾವುದಕ್ಕೆ ಅಲ್ಲ ಅಂತ ಗಿರಾಕಿಗೆ ಗೊತ್ತಾಗುವುದು ಹೇಗೆ? ನನ್ನ ಹಾಗೆ ಘಾಟಿಯಲ್ಲಿ ಬಸ್ಸಿನ ಹಿಂದೆ ಜಾರಿಯೇ ತಿಳಿಯಬೇಕೇ? ಅಗಲದ ಟೈರು ಹಾಕಿಸಿದರೆ ಸರಿಹೋಗುತ್ತದೆ ಅನ್ನುವ ಅಂಗಡಿಯವರ ಮಾತೂ ಪೂರ್ತಿ ನಿಜ ಅಲ್ಲ, ನೀರು ನಿಂತಲ್ಲಿ ಅಗಲದ ಟೈರೇ ಬೇಗ ತೇಲುತ್ತದೆ. ಬೇಕಾದ್ದು ಅಗಲ ಅಲ್ಲ, ಮಾಹಿತಿ.

ಬೆಲೆ ಜಾಸ್ತಿಯಾಗುತ್ತದೆ ಅನ್ನುವ ವಾದವೂ ಕೇಳಿದ್ದೇನೆ. ಹತ್ತು ಲಕ್ಷದ ಕಾರಿಗೆ ಟೈರಿನ ಮೇಲೆ ಇನ್ನೆರಡು ಮೂರು ಸಾವಿರ ಜಾಸ್ತಿಯಾದರೆ ಯಾರು ಬೇಡ ಅಂದಾರು? ಟೈರಿನ ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಸೀಟ್ ಕವರು, ಮಣ್ಣಿನ ಫ್ಲಾಪು, ಸುಗಂಧದ ಬಾಟಲಿ ಅಂತ ಆಕ್ಸೆಸರಿ ಪ್ಯಾಕೇಜಿನಲ್ಲಿ ಮೂವತ್ತು ಸಾವಿರ ಕೀಳಲು ಬರುವವರಿಗೆ ‘ಸಾಬ್, ಇದಕ್ಕಿಂತ ಒಳ್ಳೇ ಟೈರು ಬೇಕಾ?’ ಅಂತ ಒಂದು ಸಾಲು ಕೇಳಲು ಬರುವುದಿಲ್ಲವೇ?

ನಾನು ಕೇಳುತ್ತಿರುವುದು ಇಷ್ಟೇ. ಕಾರಿನ ಮೈಲೇಜನ್ನು ಬರೆಯುವ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದಕ್ಕೆ ಹಾಕಿರುವ ಟೈರಿನ ಒದ್ದೆ ಹಿಡಿತದ ದರ್ಜೆ ಬರೆಯಿರಿ. ವ್ಯತ್ಯಾಸದ ದುಡ್ಡು ತಗೊಂಡು ಬುಕಿಂಗ್ ಹೊತ್ತಿಗೇ ಬೇರೆ ಟೈರು ಆರಿಸಲು ಬಿಡಿ. ಮತ್ತೆ, ದೂರು ತಂದವನನ್ನು ಗಾಡಿ ಕಂಪನಿಯಿಂದ ಟೈರ್ ಕಂಪನಿಗೆ, ಅಲ್ಲಿಂದ ಇಲ್ಲಿಗೆ ಚೆಂಡಿನ ಹಾಗೆ ಒದೆಯಬೇಡಿ. ಟೈರು ಹೀಗಿರಲಿ ಅಂತ ಕೇಳಿದ್ದು ಗಾಡಿ ಕಂಪನಿ ತಾನೇ? ಉತ್ತರವನ್ನೂ ಅವರೇ ಕೊಡಲಿ.

ಕೊನೆಗೆ ನಾನೇನು ಮಾಡಿದೆ? ಎಲ್ಲರೂ ಮಾಡುವುದನ್ನೇ. ಕಲ್ಯಾಣ್ ರಸ್ತೆಯ ಟೈರ್ ಅಂಗಡಿಗೆ ಹೋಗಿ, ಅದೇ ಸೈಜಿನಲ್ಲಿ ಬೇರೆ ನಾಲ್ಕು ಟೈರು ಹಾಕಿಸಿದೆ. ಇಪ್ಪತ್ತಮೂರು ಸಾವಿರ ಹೋಯಿತು. ಮರುದಿನ ಮಳೆಯಲ್ಲಿ ನಮ್ಮ ಸೊಸೈಟಿಯ ಹಿಂದಿನ ಖಾಲಿ ಇಳಿಜಾರಿನಲ್ಲಿ ಬ್ರೇಕ್ ಹಾಕಿ ನೋಡಿದೆ. ಅದೇ ಕಾರು, ಅದೇ ಗಾಳಿ, ಅದೇ ಕಾಲು. ಕಾರು ಕಚ್ಚಿಕೊಂಡು ನಿಂತಿತು, ಎಬಿಎಸ್ ಗರಗರ ಅನ್ನಲೇ ಇಲ್ಲ. ಇದು ಒಬ್ಬನ ಅನುಭವ, ಪ್ರಯೋಗಶಾಲೆಯ ಪರೀಕ್ಷೆ ಅಲ್ಲ, ಗೊತ್ತು. ಆದರೆ ನನ್ನ ಡ್ರೈವಿಂಗ್ ಒಂದೇ ರಾತ್ರಿಯಲ್ಲಿ ಸುಧಾರಿಸಿತು ಅಂತ ಯಾರೂ ಹೇಳಲಾರರು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುತ್ತಲೇ ಇರಲಿಲ್ಲವೋ ಏನೋ. ಬಿಚ್ಚಿದ ನಾಲ್ಕು ಟೈರುಗಳನ್ನು ಅಂಗಡಿಯ ಭಾಯ್ ತಿರುಗಿಸಿ ತಿರುಗಿಸಿ ನೋಡಿ, “ಏಕ್‌ದಮ್ ನಯಾ ಹೈ” ಅಂತ ಆರು ಸಾವಿರ ಕೈಗಿಟ್ಟ. ಯಾರು ತಗೊಳ್ತಾರೆ ಇದನ್ನು ಅಂತ ಕೇಳಿದೆ. “ಟ್ಯಾಕ್ಸಿವಾಲೇ ಲೇ ಜಾತೇ ಹೈ ಸಾಬ್. ಉನ್ಕೋ ಸಸ್ತಾ ಮಾಂಗ್ತಾ.”

ನಾನು ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡು ಬಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆಯ ಎಷ್ಟು ಹುಡುಗರು ಈ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಿಲ್ಲ? ಅಪ್ಪ ಹೋಟೆಲಿನಲ್ಲಿ ದುಡಿದು ಸೊಂಟ ಬಿದ್ದವನು, ಮಗ ಸಾಲ ಮಾಡಿ ಕಾರು ತೆಗೆದು ದಿನಕ್ಕೆ ಹದಿನಾಲ್ಕು ಗಂಟೆ ಓಡಿಸುವವನು. ಅವನಿಗೆ ಇಪ್ಪತ್ತಮೂರು ಸಾವಿರ ಎಲ್ಲಿಂದ ಬರಬೇಕು? ಕಂಪನಿ ಹಾಕಿಕೊಟ್ಟದ್ದೇ ಅವನಿಗೆ ಗತಿ. ಅದು ಸವೆದ ಮೇಲೆ ನನ್ನಂಥವರು ಬಿಚ್ಚಿ ಎಸೆದದ್ದು ಗತಿ. ‘ಇಷ್ಟ ಇಲ್ಲದಿದ್ದರೆ ಟೈರು ಬದಲಿಸಿಕೊಳ್ಳಿ’ ಅನ್ನುವುದು ದುಡ್ಡಿದ್ದವನಿಗೆ ಮಾತ್ರ ಪರಿಹಾರ. ಅಪಾಯ ಅದರಿಂದ ಕಡಿಮೆಯಾಗಲಿಲ್ಲ, ನನ್ನ ಕಾರಿನಿಂದ ಇಳಿದು ಬಡವನ ಕಾರು ಹತ್ತಿತು ಅಷ್ಟೇ. ಆರು ಸಾವಿರಕ್ಕೆ ಹತ್ತಿಸಿ ಕಳಿಸಿದವನು ನಾನೇ. ಭಾಯ್‌ಗೆ ‘ಇವು ಮಳೆಯಲ್ಲಿ ಜಾರುತ್ತವೆ’ ಅಂತ ಒಂದು ಮಾತು ಹೇಳುವಷ್ಟೂ ಮನಸ್ಸು ಮಾಡಲಿಲ್ಲ.

ಮುಂದಿನ ವಾರ ಹೋಗಿ ಹೇಳಿದೆ. ಟೈರುಗಳು ಆಗಲೇ ಹೋಗಿದ್ದವು.

ಕಂಪನಿಯವರಿಗೆ ಪತ್ರ ಬರೆದಿದ್ದೇನೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಉತ್ತರ ಬಂದಿದೆ, ಅದನ್ನು ಬರೆದದ್ದು ಮನುಷ್ಯರೋ ಯಂತ್ರವೋ ಗೊತ್ತಾಗಲಿಲ್ಲ. ಸಚಿವಾಲಯಕ್ಕೂ ಒಂದು ಕಳಿಸುತ್ತೇನೆ. ಒಬ್ಬನ ಪತ್ರಕ್ಕೆ ಬೆಲೆ ಇಲ್ಲ, ನೂರು ಜನರದ್ದಾದರೆ ಓದಲೇಬೇಕಾದೀತು. ನೀವು ಹೊಸ ಕಾರು ನೋಡಲು ಹೋದಾಗ ‘ಎಷ್ಟು ಕೊಡ್ತದೆ’ ಅಂತ ಕೇಳಿ, ತಪ್ಪಿಲ್ಲ. ಅದರ ಜೊತೆಗೆ ‘ಮಳೆಯಲ್ಲಿ ಎಷ್ಟು ದೂರಕ್ಕೆ ನಿಲ್ತದೆ’ ಅಂತಲೂ ಕೇಳಿ. ಸೇಲ್ಸ್ ಹುಡುಗ ತಬ್ಬಿಬ್ಬಾಗುತ್ತಾನೆ, ಮ್ಯಾನೇಜರನ್ನು ಕರೆಯುತ್ತಾನೆ. ಕರೆಯಲಿ ಬಿಡಿ. ದಿನಕ್ಕೆ ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿದ್ಧವಾಗಿರುತ್ತದೆ.

ಮತ್ತೆ, ಈ ಮಳೆಗಾಲಕ್ಕೆ ಊರಿಗೆ ಹೊರಡುವ ಮೊದಲು ಟೈರಿನ ಗಾಳಿ, ಗೆರೆ ಎರಡೂ ನೋಡಿಕೊಳ್ಳಿ. ಘಾಟಿಯಲ್ಲಿ ಬಸ್ಸಿನ ಹಿಂದೆ ಜಾಗ ಬಿಟ್ಟು ಹೋಗಿ. ಹೌದು ಮಾರಾಯ್ರೆ, ಧೀರೇ ಚಲಾವೋ. ನಾನು ಹೇಳಿದರೆ ಪರವಾಗಿಲ್ಲ, ಟೈರು ಮಾರಿದವನು ಮಾತ್ರ ಹೇಳಕೂಡದು.